ತಿರುಗಿ ಬರ್ತದೋ ಇಲ್ಲೋ ಅನ್ನೋದಲ್ಲ ಪ್ರಶ್ನೆ

ಮೊನ್ನೆ ಸಂಜೀಮುಂದ ನಾನು ರೊಟ್ಟಿ ಬಡೀಲಿಕ್ಕೆ ಹತ್ತಿದ್ದೆ. ಬಾಜೂಮನಿ ಹುಡುಗಿ, ಏಳನೇತ್ತಾದಾಕಿ, ಪುಸ್ತಕ ಹಿಡಕೊಂಡು ಬಂದು ಅಡಗೀಮನಿ ಬಾಗಲದಾಗ ಕೂತ್ಲು. ಮರುದಿನ ಪರೀಕ್ಷಾ. ಬಾಯಿಪಾಠ ನಡದಿತ್ತು: "ತಿರುಗಿ ಮೊದಲಿನಂಗ ಆದ್ರ ಭೌತ ಬದಲಾವಣೆ, ಆಗದಿದ್ರ ರಾಸಾಯನಿಕ ಬದಲಾವಣೆ."

ನಾನು ಕೇಳಿದೆ, "ಈ ಹಿಟ್ಟು ತಿರುಗಿ ಜ್ವಾಳ ಆಗ್ತದೇನವಾ?"

"ಇಲ್ಲ ಕಾಕು."

"ಹಂಗಾದ್ರ ಬೀಸೋದು ರಾಸಾಯನಿಕ ಏನು?"

ಹುಡುಗಿ ಪುಸ್ತಕ ನೋಡಿದ್ಲು, ನನ್ನ ನೋಡಿದ್ಲು, ಸುಮ್ನಾದ್ಲು.

ನನ್ನ ತಕರಾರು ಇಷ್ಟ ನೋಡ್ರಿ. ತಿರುಗಿ ಬರ್ತದೋ ಇಲ್ಲೋ ಅಂತ ಕೇಳಿಸಿ ಮಕ್ಕಳ ದಾರಿ ತಪ್ಪಸ್ತೇವಿ. ಕೇಳಬೇಕಾದ್ದು, "ಹೊಸಾ ಪದಾರ್ಥ ಏನರ ಹುಟ್ಟಿತೇನು?" ಅಂತ. ಹಿಟ್ಟು ಜ್ವಾಳಾನೇ. ಆಕಾರ ಹೋಗೇದ, ಪದಾರ್ಥ ಹೋಗಿಲ್ಲ. ತಿರುಗಿ ಕಾಳು ಆಗದಿದ್ರೂ ಅದು ಭೌತ ಬದಲಾವಣೆ. ಅದs ಹಿಟ್ಟು ಹಂಚಿನ ಮ್ಯಾಲೆ ರೊಟ್ಟಿಯಾಗಿ ಕೆಂಪು ಚುಕ್ಕಿ ಬಿದ್ದು ಘಮ್ ಅಂದಾಗ ಹೊಸಾ ಪದಾರ್ಥ ಹುಟ್ಟ್ಯಾವ. ಅದು ರಾಸಾಯನಿಕ.

ಇನ್ನ ಉಲ್ಟಾ ನೋಡ್ರಿ. ಸೀರಿಗೆ ಅರಿಶಿಣದ ಕಲೆ ಆದಾಗ ಸಾಬಾಣ ಹಚ್ಚಿದ್ರ ಕೆಂಪಗಾಗ್ತದಲ್ಲಾ? ಅರಿಶಿಣದ ನೀರಿಗೆ ಸುಣ್ಣಾ ಹಾಕಿ ಕೆಂಪು ಆರತಿ ಮಾಡ್ತೇವಲ್ಲಾ, ಅದೂ ಇದs. ಸಾಬಾಣ, ಸುಣ್ಣ ಎರಡೂ ಕ್ಷಾರ. ಅರಿಶಿಣದಾಗಿನ ಕರ್ಕ್ಯುಮಿನ್ ಕ್ಷಾರದ ಕೂಡ ಸೇರಿ ರೂಪಾ ಬದಲಿಸ್ತದ. ಇದು ರಾಸಾಯನಿಕ ಬದಲಾವಣೆ. ಆದ್ರ ಅದಕ್ಕ ಲಿಂಬಿಹಣ್ಣು ಹಿಂಡ್ರಿ, ತಿರುಗಿ ಹಳದಿ! ಅಂದ್ರ ಜ್ವಾಳ ತಿರುಗಿ ಬರಲಿಲ್ಲ, ಭೌತ ಆತು. ಅರಿಶಿಣ ತಿರುಗಿ ಬಂತು, ರಾಸಾಯನಿಕ ಆತು. ಬಾಯಿಪಾಠ ಮಾಡಿದ ಮಾತು ಎರಡೂ ಕಡೆ ಕೈ ಕೊಡ್ತು.

ಬೆಣ್ಣಿ ಕಾಸೋವಾಗ ಒಂದs ಪಾತೇಲಿಯೊಳಗ ಎರಡೂ ನಡೀತಾವ. ಬೆಣ್ಣಿ ಕರಗೋದು ಭೌತ. ಅದರೊಳಗಿನ ನೀರು ಚಟಪಟ ಅಂತ ಉಗಿಯಾಗಿ ಹೋಗೋದೂ ಭೌತ. ತಳದಾಗಿನ ಗಸಿ ಕೆಂಪಗಾಗಿ ಓಣಿತುಂಬ ವಾಸನಿ ಬರ್ತದಲ್ಲಾ, ಅದು ರಾಸಾಯನಿಕ. ಬಣ್ಣ, ವಾಸನಿ, ಗುಳ್ಳಿ, ಬಿಸಿ, ಇವೆಲ್ಲಾ ಬರೇ ಸುಳಿವು. ನೀರು ಕುದ್ದಾಗಲೂ ಗುಳ್ಳಿ ಬರ್ತಾವ, ಅಲ್ಲಿ ಹೊಸಾದೇನೂ ಇಲ್ಲ, ನೀರs ಉಗಿಯಾಗಿ ಮ್ಯಾಲೆ ಬರ್ತದ. ಸೋಡಾಪುಡಿಗೆ ಲಿಂಬಿರಸ ಹಾಕಿದ್ರ ಬರೋ ಗುಳ್ಳಿ ಬ್ಯಾರೆ, ಅದು ಹೊಸದಾಗಿ ಹುಟ್ಟಿದ ಇಂಗಾಲದ ಡೈಆಕ್ಸೈಡ್.

"ಮಾರ್ಕ್ಸಿನ ಮಾತಿಗೆ ಇಷ್ಟ್ಯಾಕ ಜಗಳಾ ತಗೀತೀರಿ" ಅಂತೀರಿ. ಮಾರ್ಕ್ಸಿಂದಲ್ಲರೀ, ಜೀವದ ಮಾತು.

ಹೋದ ದೀಪಾವಳಿಗೆ ಮನಿ ಸ್ವಚ್ಛ ಮಾಡೋವಾಗ ನಮ್ಮ ನೆಗೆಣ್ಣಿ ಪಾಯಖಾನಿಗೆ ಆ್ಯಸಿಡ್ ಸುರುವಿದ್ಲು. ಕಲೆ ಹೋಗಲಿಲ್ಲ ಅಂತ ಅದರ ಮ್ಯಾಲೇ ಬ್ಲೀಚಿಂಗ್ ಪೌಡರ್ ಉದುರಿಸಿದ್ಲು. ಎರಡೂ ತೊಳಿಯೋವೇ, ಕೂಡಿದ್ರ ಇನ್ನಾ ಛಲೋ ತೊಳೀತಾವ ಅಂತ ಅಕಿ ಲೆಕ್ಕ. ಸಕ್ಕರಿ ನೀರಾಗ ಕೂಡಿಸಿದಂಗ ಅಂತ ತಿಳಕೊಂಡಿದ್ಲು. ಒಂದು ನಿಮಿಷದಾಗ "ಅಕ್ಕಾ!" ಅಂತ ಕೂಗಿ, ಕಣ್ಣಾಗ ನೀರು, ಕೆಮ್ಮಿಕೋತ ಹೊರಗ ಓಡಿ ಬಂದ್ಲು. ಅಲ್ಲಿ ಕ್ಲೋರಿನ್ ಹುಟ್ಟಿತ್ತು. 1915ರ ಏಪ್ರಿಲ್‌ದಾಗ ಬೆಲ್ಜಿಯಂ ದೇಶದ ಈಪ್ರ್ ಊರ ಹತ್ರ ಜರ್ಮನ್ ಸೈನ್ಯ ಎದುರಿನವರ ಮ್ಯಾಲೆ ಬಿಟ್ಟದ್ದೂ ಇದs ಗಾಳಿ. ಅದು ನಾವು ಉಸರಾಡೋ ಗಾಳಿಗಿಂತ ಭಾರ, ನೆಲಕ್ಕ ಹತ್ತಿ ಕೂಡ್ತದ. ನಾವು ಹೆಂಗಸರು ಕುಕ್ಕರಗಾಲಿಲೆ ಕೂತು ತಿಕ್ಕೋದು ಅಲ್ಲೇ ಅಲ್ಲೇನ್ರಿ? ಬಾಗಲಾ ತೆರದಿತ್ತು, ಪುಣ್ಯಾ. ದವಾಖಾನಿಗೆ ಕರಕೊಂಡು ಹೋದ್ವಿ. ಅಕಿ ಕೆಮ್ಮು ನಿಲ್ಲಲಿಕ್ಕೆ ಭಾಳ ದಿನಾ ಬೇಕಾತು.

ನಮ್ಮ ನೆಗೆಣ್ಣಿನೂ ಸಾಲಿಯೊಳಗ ಅದs ಪಾಠ ಬಾಯಿಪಾಠ ಮಾಡಿದಾಕಿ. ಮಾರ್ಕ್ಸೂ ಬಂದಿರಬೇಕು. ಎರಡು ಕೂಡಿದಾಗ ಮೂರನೇದು ಹುಟ್ಟಬಹುದು, ಅದು ಎರಡರಂಗೂ ಇರಂಗಿಲ್ಲ ಅನ್ನೋ ಮಾತು ಮಾತ್ರ ಅಕಿ ಕೈಗೆ ಇಳೀಲೇ ಇಲ್ಲ. ತಪ್ಪು ಅಕೀದಲ್ಲ, ಪಾಠಾ ಪಟ್ಟಿ ಮಾಡಿ ಕಲಿಸಿದವರದು. ಮೇಣ ಕರಗೋದು ಈ ಕಡೆ, ಕಬ್ಬಿಣ ತುಕ್ಕು ಹಿಡಿಯೋದು ಆ ಕಡೆ ಅಂತ ಪಟ್ಟಿ ಬರಸ್ತಾರ. ಬಚ್ಚಲಮನಿ ಮಾತು ಆ ಪಟ್ಟಿಯೊಳಗ ಎಲ್ಲಿ ಅದ?

ಅದಕ್ಕ ನಾವs ಕಲಿಸೋಣು. ಹಿಟ್ಟು, ಅರಿಶಿಣ, ಬೆಣ್ಣಿ ನಮ್ಮ ಕೈಯಾಗೇ ಅವ. ಮತ್ತ ಆ್ಯಸಿಡ್, ಬ್ಲೀಚಿಂಗ್ ಪೌಡರ್ ಎರಡನ್ನೂ ಬ್ಯಾರೆ ಬ್ಯಾರೆ ಕಡೆ ಇಡ್ರಿ, ಎಂದೂ ಕೂಡಿಸಬ್ಯಾಡ್ರಿ. ವಿನೆಗರ್, ಲಿಂಬಿರಸಾನೂ ಹುಳೀನೇ, ಅವನ್ನೂ ಬ್ಲೀಚಿಗೆ ಹಾಕಬ್ಯಾಡ್ರಿ. ಕೆಲಸದಾಕಿಗೂ ತಿಳಿಸಿ ಹೇಳ್ರಿ, ಬಾಟ್ಲಿ ಮ್ಯಾಲಿನ ಸಣ್ಣ ಅಕ್ಷರ ಅಕಿಗೆ ಓದಲಿಕ್ಕೆ ಬರದಿದ್ರ?

ಹುಡುಗಿ ಹೋಗೋವಾಗ ಬಿಸಿ ರೊಟ್ಟಿಗೆ ತುಪ್ಪಾ ಹಚ್ಚಿ ಕೊಟ್ಟೆ. ತುಪ್ಪ ಕರಗೋದು ನೋಡಿಕೋತ, "ಕಾಕು, ಇದು ಭೌತ" ಅಂದ್ಲು. ಒಂದು ತುತ್ತು ಕಡದು, ಒಂದೀಟು ವಿಚಾರ ಮಾಡಿ, "ಇನ್ನ ಹೊಟ್ಯಾಗ ಹೋದ ಮ್ಯಾಲೆ ರಾಸಾಯನಿಕ" ಅಂದ್ಲು.