ದುಡ್ಡು ಕೊಟ್ಟರೂ ನಮ್ಮದಲ್ಲ: ಒಂದು ಗೇಮು ಕಲಿಸಿದ ಪಾಠ



ಪೋಸ್ಟ್ ಸ್ವಲ್ಪ ಉದ್ದ ಆಗಿದೆ. ವಿಷಯ ವಿಡಿಯೋ ಗೇಮು. "ಇವನಿಗೆ ಬೇರೆ ಕೆಲಸ ಇಲ್ವಾ" ಅಂತ ಮುಂದೆ ಹೋಗಬೇಡಿ. ಅರ್ಧದವರೆಗಾದರೂ ಓದಿ, ಆಮೇಲೆ ಬೈಯಿರಿ.

ನನ್ನ ಮಗ ಪಿಯುಸಿಯಲ್ಲಿದ್ದಾಗ ರಜೆಯಲ್ಲಿ ಅಡಿಕೆ ಸುಲಿಯಲು ಹೋಗಿ ಒಂದಿಷ್ಟು ದುಡ್ಡು ಮಾಡಿದ್ದ. ಅದರಲ್ಲಿ ₹899 ಕೊಟ್ಟು ಕಂಪ್ಯೂಟರಿಗೆ ಒಂದು ಕಾರ್ ರೇಸಿನ ಗೇಮು ಕೊಂಡ. ಕಂಪ್ಯೂಟರೂ ಸೆಕೆಂಡ್ ಹ್ಯಾಂಡೇ. ಆಟ ಒಬ್ಬನೇ ಆಡುವಂಥದ್ದು, ಆದರೂ ಇಂಟರ್‌ನೆಟ್ ಇಲ್ಲದೆ ತೆರೆಯುತ್ತಿರಲಿಲ್ಲ. ನಮ್ಮ ಕತಗಾಲದ ಮಳೆಗಾಲ ಗೊತ್ತಲ್ಲ. ಚಂಡಿಕಾ ಹೊಳೆ ಉಕ್ಕಿ ಶಿರಸಿ ರಸ್ತೆ ಮೇಲೆ ನೀರು ಬಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಕರೆಂಟು ಬಂದರೂ ನೆಟ್ ಬರುವವರೆಗೆ ಆ ಗೇಮು ಸತ್ತ ಹಾಗೆ. ಅದನ್ನೂ ಸಹಿಸಿಕೊಂಡಿದ್ದ.

ಹೋದ ವರ್ಷ ಒಂದು ಮೇಲ್ ಬಂತು. ಸೇವೆ ನಿಲ್ಲಿಸುತ್ತಿದ್ದೇವೆ, ಇಂಥ ದಿನದಿಂದ ಆಟ ತೆರೆಯುವುದಿಲ್ಲ, ಇಷ್ಟು ದಿನ ಜೊತೆಗಿದ್ದದ್ದಕ್ಕೆ ಧನ್ಯವಾದ ಅಂತ. ದುಡ್ಡು ವಾಪಸ್ಸಿನ ಮಾತಿಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ, ಈ ವಿಷಯದಲ್ಲಿ ಎಲ್ಲಾ ಒಂದೇ ಗಿರಣಿಯ ಅಕ್ಕಿ.

ಮಗ ಕೇಳಿದ: "ಅಪ್ಪಾ, ದುಡ್ಡು ಕೊಟ್ಟು ತಕಂಡದ್ದು ನಂದೇ ಅಲ್ವಾ?"

"ನಿಂದೇ."

"ಮತ್ತೆ ಅವ್ರು ಹೆಂಗೆ ತಕಂಡು ಹೋದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಗುಮಾಸ್ತ, ಕಾಗದ ಓದೋದೇ ಹೊಟ್ಟೆಪಾಡು. ಅವನು ಕೊಳ್ಳುವಾಗ ಒಪ್ಪಿದ್ದೇನೆ ಅಂತ ಒತ್ತಿದ್ದ ಕರಾರುಪತ್ರವನ್ನು ಪ್ರಿಂಟ್ ತೆಗೆಸಿ ಪೆನ್ಸಿಲ್ ಹಿಡಿದು ಕೂತು ಓದಿದೆ. ಗುಂಡಿಯ ಮೇಲೆ "ಕೊಳ್ಳಿರಿ" ಅಂತಿದೆ. ಒಳಗಿನ ಕಾಗದದಲ್ಲಿ ಇದು ಮಾರಾಟ ಅಲ್ಲ, ಬಳಸುವ ಪರವಾನಗಿ ಮಾತ್ರ, ಅದನ್ನು ನಾವು ಯಾವಾಗ ಬೇಕಾದರೂ ನಿಲ್ಲಿಸಬಹುದು ಅಂತಿದೆ. ಬಾಗಿಲಲ್ಲಿ ಕ್ರಯಪತ್ರ, ಒಳಗೆ ಗೇಣಿ ಚೀಟಿ.

ಇದು ನನ್ನ ಮಗನೊಬ್ಬನ ಕಥೆಯಲ್ಲ. ಯೂಬಿಸಾಫ್ಟ್ ಕಂಪನಿ 2014ರಲ್ಲಿ ತಂದ "ದಿ ಕ್ರೂ" ಅನ್ನುವ ಗೇಮಿನ ಸರ್ವರನ್ನು 2024ರ ಮಾರ್ಚ್ 31ಕ್ಕೆ ಮುಚ್ಚಿತು. ಒಬ್ಬರೇ ಆಡುವ ಭಾಗವೂ ಸರ್ವರಿಗೆ ಕಟ್ಟಿಹಾಕಿದ್ದರಿಂದ ಇಡೀ ಆಟವೇ ಸತ್ತಿತು. ಆಮೇಲೆ ಕೊಂಡವರ ಖಾತೆಯಿಂದ ಪರವಾನಗಿಯನ್ನೂ ಕಿತ್ತುಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಆಟಗಾರರು ಕೋರ್ಟಿಗೆ ಹೋದರೆ, ನೀವು ಕೊಂಡದ್ದು ಪರವಾನಗಿ ಮಾತ್ರ ಅಂತ ಕಂಪನಿ ವಾದಿಸಿತು. ನಿಂಟೆಂಡೋ 2023ರ ಮಾರ್ಚ್‌ನಲ್ಲಿ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಖರೀದಿಯನ್ನೇ ಮುಚ್ಚಿತು. ಆ ಅಂಗಡಿಯಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಈಗ ದುಡ್ಡು ಹಿಡಿದು ಹೋದರೂ ಕೊಳ್ಳಲಿಕ್ಕಾಗದು. ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. ಅದರೊಳಗೆ ದುಡ್ಡು ಸುರಿದು ಬಟ್ಟೆ, ಬಂದೂಕಿನ ಬಣ್ಣ ಕೊಂಡಿದ್ದ ಹುಡುಗರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅದರ ಬದಲಿಗೆ ಬಂದ ಬಿಜಿಎಂಐ ಕೂಡ 2022ರ ಜುಲೈನಲ್ಲಿ ಅಂಗಡಿಯಿಂದ ಮಾಯವಾಗಿ 2023ರ ಮೇನಲ್ಲಿ ವಾಪಸ್ ಬಂತು. ಕಂಪನಿ ಕಿತ್ತುಕೊಂಡರೂ ಸರ್ಕಾರ ಕಿತ್ತುಕೊಂಡರೂ ದುಡ್ಡು ಕೊಟ್ಟವನದು ಕೊನೆಯ ಸಾಲು.

ಆಡುವ ಹುಡುಗರ ನಡುವೆ ಈ ಬಗ್ಗೆ ಒಂದೇ ಅಭಿಪ್ರಾಯ ಇಲ್ಲ. ಮಗನ ಗೆಳೆಯರನ್ನು ಕೂರಿಸಿ ಕೇಳಿದೆ. ಕಂಪ್ಯೂಟರಿನಲ್ಲಿ ಆಡುವವರು ಸ್ಟೀಮ್ ಅನ್ನುವ ಅಂಗಡಿಯನ್ನು ಬಿಟ್ಟುಕೊಡುವುದಿಲ್ಲ. ಸೇಲ್ ಬಂದಾಗ ಅಗ್ಗಕ್ಕೆ ಸಿಗುತ್ತದೆ, ಕಂಪ್ಯೂಟರ್ ಹಾಳಾದರೂ ಹೊಸದರಲ್ಲಿ ಮತ್ತೆ ಇಳಿಸಿಕೊಳ್ಳಬಹುದು, ಇಷ್ಟು ವರ್ಷ ಏನೂ ಆಗಿಲ್ಲ ಅಂತಾರೆ. ಇನ್ನೊಬ್ಬ, ಹಳೆಯ ಸಿಡಿಯ ಡಬ್ಬದ ಮೇಲೂ ಪರವಾನಗಿ ಅಂತಲೇ ಬರೆದಿತ್ತು, ಹೊಸದೇನಲ್ಲ ಅಂದ. ಮಾತು ನಿಜ. ಆದರೆ ಆ ಸಿಡಿಯನ್ನು ಕಿತ್ತುಕೊಳ್ಳಲು ಕಂಪನಿಯವರು ಕತಗಾಲದವರೆಗೆ ಬಸ್ಸು ಹತ್ತಿ ಬರಬೇಕಿತ್ತು. ಈಗ ಕೂತಲ್ಲೇ ಒಂದು ಗುಂಡಿ ಒತ್ತಿದರೆ ಸಾಕು.

ಕನ್ಸೋಲಿನವರ ಲೆಕ್ಕ ಬೇರೆ. ಪ್ಲೇಸ್ಟೇಷನ್ 5ರ ದೊಡ್ಡ ಹೊಸ ಆಟವೊಂದಕ್ಕೆ ₹4,999ರಷ್ಟು ಬೆಲೆ ಇರುತ್ತದೆ. ಕೂಲಿ ಮನೆಯ ಹುಡುಗ ಎಲ್ಲಿಂದ ತರಬೇಕು? ಡಿಸ್ಕ್ ಆದರೆ ನಾಲ್ಕು ಜನ ಸೇರಿ ಕೊಂಡು ಸರದಿಯಲ್ಲಿ ಆಡುತ್ತಾರೆ. ಮುಗಿದ ಮೇಲೆ ಅರ್ಧ ಬೆಲೆಗೆ ಮಾರುತ್ತಾರೆ. ಡಿಸ್ಕ್ ಹಾಕುವ ಜಾಗವೇ ಇಲ್ಲದ ಯಂತ್ರ ಬಂದರೆ ಆ ಬಾಗಿಲು ಮುಚ್ಚಿತು.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಈ ಮಾತು. ನಮ್ಮ ಕೇರಿ ನಡೆದದ್ದೇ ಸೆಕೆಂಡ್ ಹ್ಯಾಂಡಿನ ಮೇಲೆ. ನಾನು ಬಿಎ ಓದಿದ್ದು ಹಿಂದಿನ ವರ್ಷದವರ ಪುಸ್ತಕದಲ್ಲಿ. ಅಣ್ಣನ ಯೂನಿಫಾರ್ಮು ತಮ್ಮನಿಗೆ, ಧಣಿ ಮನೆಯ ಹಳೆ ಸೈಕಲ್ಲು ನಮಗೆ. ಮಾರುವ, ಕೈಬದಲು ಮಾಡುವ, ಸಾಲ ಕೊಡುವ ಹಕ್ಕು ಇದ್ದಲ್ಲಿ ಮಾತ್ರ ಬಡವನಿಗೂ ಒಂದು ತುಣುಕು ಸಿಗುತ್ತದೆ. ಡಿಜಿಟಲ್ ಪರವಾನಗಿಯಲ್ಲಿ ಅದಿಲ್ಲ. ಮಾರುವಂತಿಲ್ಲ, ಇನ್ನೊಬ್ಬನ ಹೆಸರಿಗೆ ಮಾಡುವಂತಿಲ್ಲ. ಸ್ಟೀಮಿನ ಕರಾರಿನಲ್ಲೂ ಖಾತೆಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಹೊಲಕ್ಕಾದರೆ ಅಪ್ಪ ಸತ್ತ ಮೇಲೆ ಪೌತಿ ಖಾತೆ ಅಂತ ಒಂದು ದಾರಿ ಇದೆ. ಇಲ್ಲಿ ವಾರಸುದಾರನೇ ಇಲ್ಲ.

ಇಲ್ಲಿಗೆ ಚಳವಳಿಯ ಗೆಳೆಯರೊಬ್ಬರ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ಇದನ್ನು ಹೇಳಿದಾಗ, "ಮಾರಾಯಾ, ನಮ್ಮವರಿಗೆ ಮನೆ ಅಡಿಯ ಜಾಗದ ಪಟ್ಟಾ ಇಲ್ಲ, ನೀನು ಗೇಮಿನ ಪಟ್ಟಾ ಕೇಳ್ತೀಯಾ?" ಅಂದರು. ಸರಿಯಾದ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ತಲೆಮಾರುಗಳಿಂದ ಕೂತ ಜಾಗದಲ್ಲೇ ಅತಿಕ್ರಮಣದಾರ ಅನ್ನಿಸಿಕೊಂಡು, ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗೆ 75 ವರ್ಷದ ದಾಖಲೆ ಹುಡುಕುತ್ತ ಸುತ್ತುವವರನ್ನು ನಾನೂ ದಿನಾ ನೋಡುತ್ತೇನೆ. ₹899ರ ಗೇಮು ಮತ್ತು ಎರಡು ಗುಂಟೆ ಜಾಗ ಒಂದೇ ಅಂತ ನಾನು ಹೇಳುತ್ತಿಲ್ಲ. ಎರಡರ ಹಿಂದೆಯೂ ಇರುವ ಉಪಾಯ ಒಂದೇ ಅಂತ ಹೇಳುತ್ತಿದ್ದೇನೆ: ಕೈಗೆ ಕೊಡು, ಹಕ್ಕು ಕೊಡಬೇಡ.

ಈ ಉಪಾಯ ನಮಗೆ ಹಳೆಯ ಪರಿಚಯ. ಮಹಾರ್ ವತನ ನೆನಪಿಸಿಕೊಳ್ಳಿ. ಜಮೀನು ಕೊಟ್ಟ ಹಾಗೆ ಕಾಣುತ್ತಿತ್ತು, ಆದರೆ ಷರತ್ತಿನ ಮೇಲೆ. ಯಾವ ಹೊತ್ತಿಗೆ ಕರೆದರೂ ಹೋಗಬೇಕು, ಊರಿನ, ಸರ್ಕಾರದ ಚಾಕರಿ ಮಾಡಬೇಕು. ನಮ್ಮ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತ್ಯದ ಶಾಸನ ಸಭೆಯಲ್ಲಿ ಬಾಬಾಸಾಹೇಬರು 1928ರಲ್ಲೇ ವತನದ ಕಾನೂನು ತಿದ್ದಲು ಮಸೂದೆ ತಂದರು. ಆ ತುಂಡು ಜಮೀನು ವರವಲ್ಲ, ಕಾಲಿಗೆ ಕಟ್ಟಿದ ಹಗ್ಗ ಅನ್ನುವುದು ಅವರಿಗೆ ಕಂಡಿತ್ತು. ಕರ್ನಾಟಕದಲ್ಲಿ ತೋಟಿ, ತಳವಾರರಂಥ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾನೂನು ಬಂದದ್ದು 1961ರಲ್ಲಿ.

ಹಾಗಂತ ಷರತ್ತು ಇದ್ದದ್ದೆಲ್ಲಾ ಕೆಟ್ಟದ್ದು ಅಂತಲೂ ಅಲ್ಲ. 1978ರ ಪಿಟಿಸಿಎಲ್ ಕಾಯ್ದೆ ನೋಡಿ. ನಮ್ಮವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಅದೂ ಷರತ್ತೇ. ಆದರೆ ಅದು ಸಾಲ, ಹೆಂಡ, ಬೆದರಿಕೆ ತೋರಿಸಿ ಬರೆಸಿಕೊಳ್ಳುವವನ ಕೈಯಿಂದ ಬಡವನನ್ನು ಕಾಯುವ ಷರತ್ತು. ಅದನ್ನು ಬರೆದದ್ದು ಶಾಸನ ಸಭೆ. ಉಲ್ಲಂಘನೆ ಆದರೆ ಎಸಿ ಹತ್ತಿರ ಹೋಗಬಹುದು, ಅಲ್ಲಿ ಸೋತರೆ ಡಿಸಿ ಹತ್ತಿರ ಮೇಲ್ಮನವಿ ಇದೆ. ತಡವಾಗಿ ಅರ್ಜಿ ಹಾಕಿದವರಿಗೆ 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಾಗಿಲು ಮುಚ್ಚತೊಡಗಿದಾಗ ನಮ್ಮವರು ಧರಣಿ ಕೂತರು, 2023ರಲ್ಲಿ ಕಾಯ್ದೆ ತಿದ್ದುಪಡಿ ಆಯಿತು.

ಬಾಬಾಸಾಹೇಬರೇ 1947ರ "ರಾಜ್ಯಗಳು ಮತ್ತು ಅಲ್ಪಸಂಖ್ಯಾತರು" ಮನವಿಯಲ್ಲಿ ಕೃಷಿ ಭೂಮಿ ಸರ್ಕಾರದ ಒಡೆತನದಲ್ಲಿರಲಿ, ಜಾತಿ ನೋಡದೆ ಹಳ್ಳಿಯವರಿಗೆ ಗೇಣಿಗೆ ಕೊಡಲಿ ಅಂದಿದ್ದರು. ಅಂದರೆ ಎಲ್ಲವೂ ಖಾಸಗಿ ಆಸ್ತಿಯೇ ಆಗಬೇಕು ಅನ್ನುವುದು ಅವರ ವಾದವಾಗಿರಲಿಲ್ಲ. ಆದರೆ ಆ ವ್ಯವಸ್ಥೆಯನ್ನು ಸಂವಿಧಾನದಲ್ಲೇ ಬರೆದಿಡಬೇಕು, ಯಾರೋ ಬಂದು ಮನಸ್ಸಿಗೆ ಬಂದಂತೆ ಬದಲಿಸಬಾರದು ಅಂತ ಹಟ ಹಿಡಿದಿದ್ದರು.

ಹಾಗಾಗಿ ನಾನು ಯಾವ ಕಾಗದ ನೋಡಿದರೂ ಮೂರು ಪ್ರಶ್ನೆ ಕೇಳುತ್ತೇನೆ. ಷರತ್ತು ಬರೆದವರು ಯಾರು? ಅದು ಯಾರನ್ನು ಕಾಯುತ್ತದೆ? ಅನ್ಯಾಯ ಆದರೆ ಯಾರ ಬಾಗಿಲು ತಟ್ಟಬೇಕು? ಗೇಮಿನ ಕರಾರಿನಲ್ಲಿ ಬರೆದದ್ದು ಕಂಪನಿ, ಕಾಯುವುದು ಕಂಪನಿಯನ್ನು. ಮೂರನೆಯದಕ್ಕೆ ಉತ್ತರ ಹುಡುಕಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರು ಅಂತಲೇ ಒಂದು ವ್ಯಾಖ್ಯಾನ ಇದೆ. ಸರಿಯಾದ ಕಾರಣ ಇಲ್ಲದೆ ಒಂದೇ ಕಡೆಯವರು ಕರಾರು ಮುರಿಯುವ ಹಕ್ಕು ಇಟ್ಟುಕೊಂಡರೆ ಅದು ಅನ್ಯಾಯದ ಕರಾರು. ಅಂಥ ಷರತ್ತನ್ನು ರದ್ದು ಮಾಡುವ ಅಧಿಕಾರವೂ ಇದೆ. ಖುಷಿಯಾಯಿತು. ಮುಂದೆ ಓದಿದರೆ, ಆ ದೂರು ಕಾರವಾರದ ಜಿಲ್ಲಾ ಆಯೋಗಕ್ಕೆ ಹೋಗುವುದಿಲ್ಲ, ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು. ₹899ಕ್ಕೆ ಬೆಂಗಳೂರು! ಹಕ್ಕನ್ನು ಕೊಟ್ಟು ಏಣಿಯನ್ನು ತೆಗೆದಿಟ್ಟ ಹಾಗೆ. ಇದು ಗೇಮಿಗೆ ಮಾತ್ರ ಅಲ್ಲ, ಒಮ್ಮುಖದ ಕರಾರಿಗೆ ಸಹಿ ಹಾಕಿದ ಎಲ್ಲಾ ಬಡವರಿಗೂ ಇದೇ ಗತಿ.

ಕೂಗಿದರೆ ಏನೂ ಆಗಲ್ಲ ಅನ್ನುವವರಿಗೆ ಆಟಗಾರರೇ ಉತ್ತರ ಕೊಟ್ಟಿದ್ದಾರೆ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರ 24 ಗಂಟೆಗೊಮ್ಮೆ ಇಂಟರ್‌ನೆಟ್ ಮುಟ್ಟಲೇಬೇಕು, ಹಳೆ ಡಿಸ್ಕ್ ಕೈಬದಲಿಗೆ ನಿರ್ಬಂಧ ಅಂತ ಹೇಳಿತ್ತು. ಜಗತ್ತಿನ ಆಟಗಾರರು ಬೈದ ಬೈಗುಳಕ್ಕೆ ಜೂನ್‌ನಲ್ಲೇ ಹಿಂದೆ ಸರಿಯಿತು. ಸೋನಿ 2021ರಲ್ಲಿ ಪಿಎಸ್3 ಮತ್ತು ವೀಟಾ ಅಂಗಡಿ ಮುಚ್ಚುತ್ತೇನೆ ಅಂದು ಒಂದು ತಿಂಗಳೊಳಗೆ ಮಾತು ವಾಪಸ್ ತೆಗೆದುಕೊಂಡಿತು. "ದಿ ಕ್ರೂ" ಸತ್ತ ಮೇಲೆ ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ ಶುರು ಮಾಡಿದ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಚಳವಳಿಗೆ ಯುರೋಪಿನಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಯೂಬಿಸಾಫ್ಟ್ ಕೂಡ ಆ ಸರಣಿಯ ಮುಂದಿನ ಗೇಮುಗಳಿಗೆ ಆಫ್‌ಲೈನ್ ವ್ಯವಸ್ಥೆ ಮಾಡುತ್ತೇವೆ ಅಂತ 2024ರಲ್ಲಿ ಹೇಳಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿಯನ್ನು ಮಾರಾಟ ಅಂತ ಕರೆದು ಮೋಸ ಮಾಡಬಾರದು, ಸ್ಪಷ್ಟವಾಗಿ ಹೇಳಬೇಕು ಅನ್ನುವ ಕಾನೂನು 2025ರ ಜನವರಿಯಿಂದ ಜಾರಿಗೆ ಬಂದಿದೆ.

ಸರ್ವರ್ ನಡೆಸಲು ಖರ್ಚಿದೆ, ಶಾಶ್ವತವಾಗಿ ನಡೆಸಿ ಅಂದರೆ ಹೇಗೆ ಅಂತ ಕಂಪನಿಯವರು ಕೇಳುತ್ತಾರೆ. ಶಾಶ್ವತವಾಗಿ ನಡೆಸಿ ಅಂತ ಯಾರೂ ಕೇಳಿಲ್ಲ. ಹೋಗುವಾಗ ಬೀಗದ ಕೈ ಬಿಟ್ಟು ಹೋಗಿ ಅಂತ ಕೇಳುತ್ತಿರುವುದು. ನನ್ನ ಬೇಡಿಕೆಯೂ ಇಷ್ಟೇ. ಪರವಾನಗಿ ಆದರೆ ಗುಂಡಿಯ ಮೇಲೆ ಕನ್ನಡದಲ್ಲಿ ಪರವಾನಗಿ ಅಂತಲೇ ಬರೆಯಿರಿ. ಮುಚ್ಚುವಾಗ ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ, ಇಲ್ಲವೇ ದುಡ್ಡು ವಾಪಸ್ ಕೊಡಿ. ಅನ್ಯಾಯದ ಕರಾರಿನ ಸಣ್ಣ ದೂರುಗಳನ್ನು ಜಿಲ್ಲೆಯಲ್ಲೇ ಕೇಳುವಂತೆ ಕಾಯ್ದೆ ತಿದ್ದಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಆನ್‌ಲೈನ್ ಅಂಗಡಿಗಳ ಮೋಸದ ವಿನ್ಯಾಸಗಳ ಬಗ್ಗೆ ಮಾರ್ಗಸೂಚಿ ತಂದಿತ್ತು, ಈ ಸುಳ್ಳು "ಕೊಳ್ಳಿರಿ" ಗುಂಡಿಯನ್ನೂ ಅದರಲ್ಲಿ ಹೆಸರಿಟ್ಟು ಸೇರಿಸಲಿ.

ಕೊನೆಯದಾಗಿ ನಮ್ಮದೇ ಮಾತು. 2009ರಲ್ಲಿ ಅಮೆಜಾನ್ ತಾನು ಮಾರಿದ್ದ ಜಾರ್ಜ್ ಆರ್ವೆಲ್‌ನ "1984" ಕಾದಂಬರಿಯನ್ನೇ ಓದುಗರ ಕಿಂಡಲ್‌ನಿಂದ ಅಳಿಸಿ ಹಾಕಿತ್ತು. ದುಡ್ಡು ವಾಪಸ್ ಕೊಟ್ಟಿತು, ಆದರೆ ಕೈಯಲ್ಲಿದ್ದ ಪುಸ್ತಕ ಹೋಯಿತು. ದಲಿತ ಚಳವಳಿಯ "ಪಂಚಮ" ಪತ್ರಿಕೆಯ ಹಳೆ ಸಂಚಿಕೆ ಇವತ್ತೂ ಯಾರದೋ ಟ್ರಂಕಿನಲ್ಲಿ ಇದ್ದರೆ, ಅದನ್ನು ತೆರೆಯಲು ಯಾರ ಸರ್ವರೂ ಬೇಡ. ನಾವು ಈಗ ನಮ್ಮ ಹೋರಾಟದ ಫೋಟೋ, ಭಾಷಣ, ಹಾಡು, ಜಗಳ ಎಲ್ಲವನ್ನೂ ಇಟ್ಟಿರುವುದು ಬೇರೆಯವರ ಜಾಗದಲ್ಲಿ. ಈ ಪೋಸ್ಟೂ ಅಲ್ಲೇ ಇದೆ. ಒಂದು ದಿನ ಮೇಲ್ ಬಂದರೆ ಹತ್ತು ವರ್ಷದ ಇತಿಹಾಸ ಹೋಯಿತು. ಆಗ ನಾವೂ ನನ್ನ ಮಗನ ಹಾಗೇ ಕೇಳಬೇಕಾದೀತು.

ಮಗ ಈಗ ಜಿಒಜಿ ಅನ್ನುವ ಅಂಗಡಿಯಲ್ಲಿ ಮಾತ್ರ ಕೊಳ್ಳುತ್ತಾನೆ. ಅಲ್ಲಿ ಗೇಮಿನ ಫೈಲನ್ನೇ ಇಳಿಸಿ ಇಟ್ಟುಕೊಳ್ಳಬಹುದು, ನೆಟ್ ಇಲ್ಲದೆಯೂ ನಡೆಯುತ್ತದೆ. ಅದಕ್ಕಂತ ಒಂದು ಹಾರ್ಡ್ ಡಿಸ್ಕ್ ತಂದಿದ್ದಾನೆ. ಅದರಲ್ಲಿ ನನಗೂ ಸ್ವಲ್ಪ ಜಾಗ ಕೇಳಿದೆ. ಇಷ್ಟು ವರ್ಷದ ಏಪ್ರಿಲ್ 14ರ ಮೆರವಣಿಗೆಯ ಫೋಟೋಗಳನ್ನು ಒಂದೊಂದಾಗಿ ಇಳಿಸಿ ಅದಕ್ಕೆ ಹಾಕುತ್ತಿದ್ದೇವೆ. ನಿಮ್ಮಲ್ಲಿ ಇದ್ದರೆ ನೀವೂ ಇಳಿಸಿ ಇಟ್ಟುಕೊಳ್ಳಿ. ಮುಖ್ಯವಾದದ್ದನ್ನು ಪ್ರಿಂಟ್ ಹಾಕಿಸಿ ಟ್ರಂಕಿನಲ್ಲಿಡಿ.

ಜೈ ಭೀಮ್.