ಹಬ್ಬದ ಹಿಡಿಕಾಳು, ಬೇಸಿಗೆಯ ಬುತ್ತಿ



ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೆ ‘ರೊಟ್ಟಿಯ ಮನೆ’ ಎಂದರ್ಥ. ಆ ಊರಿನಲ್ಲಿ ಹುಟ್ಟಿದ ಪ್ರಭುವನ್ನು ಮಲಗಿಸಿದ್ದು ದನಗಳು ಮೇವು ತಿನ್ನುವ ಗೋದಲಿಯಲ್ಲಿ. ಹೀಗೆ ಕ್ರಿಸ್ತಜಯಂತಿ ಮೊದಲಿನಿಂದಲೂ ಅನ್ನದ ಹಬ್ಬ. ಆದ್ದರಿಂದಲೇ ಡಿಸೆಂಬರ್ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಅಕ್ಕಿ, ಬಟ್ಟೆ ಹಂಚುವ ವಾಡಿಕೆಯಿದೆ. ಇದು ಸ್ತುತ್ಯವಾದುದು. ಆದರೆ ನಮ್ಮ ಜಿಲ್ಲೆಯಲ್ಲಿ ಹಸಿವು ಹೆಚ್ಚುವುದು ಡಿಸೆಂಬರಿನಲ್ಲಿಯೇ?

ಈ ತಿಂಗಳುಗಳಲ್ಲಿ ಮಾನ್ವಿಯ ಕಾಲುವೆ ಬಯಲಿನಲ್ಲಿ ಭತ್ತದ ಕೊಯ್ಲು, ಇತರೆಡೆ ಹತ್ತಿ ಬಿಡಿಸುವ ಕೆಲಸ ಇರುತ್ತದೆ. ಕೂಲಿಯವನ ಒಲೆ ಹೇಗೋ ಉರಿಯುತ್ತದೆ. ಸುಗ್ಗಿ ಮುಗಿದ ಬಳಿಕ ದೇವದುರ್ಗದ ಕಡೆಯಿಂದ ಎಷ್ಟೋ ಸಂಸಾರಗಳು ಬೆಂಗಳೂರಿನಂಥ ದೂರದ ಊರುಗಳಿಗೆ ಗುಳೆ ಹೋಗುತ್ತವೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಏಪ್ರಿಲ್ ಬಂದೊಡನೆ ಶಾಲೆಗಳ ಬಾಗಿಲೂ ಮುಚ್ಚುತ್ತದೆ. 2002ರಲ್ಲಿ ನಮ್ಮ ಭಾಗದಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2021ರ ಡಿಸೆಂಬರಿನಿಂದ ಅದರೊಡನೆ ದೊರೆತ ಮೊಟ್ಟೆ, ಎರಡೂ ಶಾಲೆಯ ದಿನಗಳಿಗೆ ಸೇರಿದವು. ಬರದ ವರ್ಷಗಳಲ್ಲಿ ರಜೆಯಲ್ಲೂ ಊಟ ಕೊಟ್ಟದ್ದುಂಟು. ಪ್ರತಿವರ್ಷ ಅದನ್ನು ನಂಬುವಂತಿಲ್ಲ. ಉಳ್ಳವರ ಮಕ್ಕಳಿಗೆ ರಜೆಯೆಂದರೆ ಆಟ. ಇಲ್ಲದವರ ಮಕ್ಕಳಿಗೆ ಮಧ್ಯಾಹ್ನದ ಒಂದು ತುತ್ತು ತಪ್ಪಿದಂತೆ.

ಆದುದರಿಂದ ಹಬ್ಬದ ದಾನವನ್ನು ಹಬ್ಬದ ದಿನವೇ ಕರಗಿಸದೆ ಕೂಡಿಡುವುದು ಉಚಿತ. ಅಮೆರಿಕದ ಫೀನಿಕ್ಸ್ ನಗರದಲ್ಲಿ 1967ರಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬ ಕಥೋಲಿಕರು ಸಂತ ಮರಿಯಮ್ಮನವರ ದೇವಾಲಯ ಬಿಟ್ಟುಕೊಟ್ಟ ಹಳೆಯ ಬೇಕರಿಯಲ್ಲಿ ಮೊದಲ ‘ಆಹಾರ ಬ್ಯಾಂಕ್’ ತೆರೆದರು. ನಮ್ಮದೇ ದೇಶದ ಮಿಜೋರಾಮಿನಲ್ಲಿ 1910ರಿಂದಲೂ ಕ್ರೈಸ್ತ ತಾಯಂದಿರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಧರ್ಮಸಭೆಗೆಂದು ತೆಗೆದಿಡುತ್ತ ಬಂದಿದ್ದಾರೆ. ಹಿಡಿಕಾಳು ನಮಗೂ ಸಾಧ್ಯ. ಆಗಮನ ಕಾಲದಿಂದ ತಪಸ್ಸುಕಾಲದ ಕೊನೆಯವರೆಗೆ ಸುಮಾರು 120 ದಿನ. ದಿನಕ್ಕೆ 50 ಗ್ರಾಂ ಎಂದರೂ ಒಂದು ಮನೆಯಿಂದ 6 ಕಿಲೋ. ಐವತ್ತು ಮನೆಗಳಿಂದ 300 ಕಿಲೋ. ಶಾಲೆ ಮುಚ್ಚುವ ಹೊತ್ತಿಗೆ ಕಣಜ ಸಿದ್ಧ.

ಅಕ್ಕಿ ಪಡಿತರದಲ್ಲಿ ಬರುವುದರಿಂದ ತೊಗರಿಬೇಳೆ, ಹೆಸರು, ಶೇಂಗಾಗಳಿಗೆ ಆದ್ಯತೆ ಇರಲಿ. ಬರಿಯ ಅನ್ನದಿಂದ ಮಗುವಿನ ಮೈಗೆ ಕಸುವು ಬಾರದು. ಹೊಲವುಳ್ಳವರು ಹೊಸ ತೊಗರಿಯಲ್ಲಿ ಒಂದೆರಡು ಸೇರು ಕೊಡಲಿ. ಕಾಳನ್ನು ಬಿಸಿಲಿಗೆ ಒಣಗಿಸಿ, ಬೇವಿನ ಎಲೆಯೊಡನೆ ತುಂಬಿ, ಮೊದಲು ಬಂದದ್ದನ್ನು ಮೊದಲು ಹಂಚಬೇಕು. ಹುಳು ಹಿಡಿದದ್ದನ್ನು ಕೊಡುವುದು ದಾನವಲ್ಲ. ಯುವಜನರು ಲೆಕ್ಕ ಬರೆಯಲಿ. ಹಂಚುವಾಗ ಜಾತಿ, ಮತ ಕೇಳಬಾರದು.

ಇನ್ನೊಂದು ಮಾತನ್ನು ನನ್ನ ತಪ್ಪಿನಿಂದಲೇ ಕಲಿತೆ. ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ ಬಲಿಪೂಜೆಯ ನಂತರ ಹೆಸರು ಕೂಗಿ ಅಕ್ಕಿ ಹಂಚಿದೆವು. ಫೋಟೋ ಸಹ ತೆಗೆಸಿದೆವು. ಒಬ್ಬ ಅಜ್ಜಿ ತನ್ನ ಹೆಸರು ಕೇಳಿಯೂ ಏಳಲಿಲ್ಲ. ಸಂಜೆ ಮನೆಗೆ ಹೋದಾಗ, “ಫಾದರ್, ಕೊಡಾದಿದ್ರ ಮನಿಗೆ ಬಂದು ಕೊಡ್ರಿ. ಮಂದ್ಯಾಗ ಹೆಸರು ಹಿಡಿದು ಕರೀಬ್ಯಾಡ್ರಿ” ಎಂದಳು. ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದ ನನಗೆ ಅಂದು ಉತ್ತರ ತೋಚಲಿಲ್ಲ. ಕಡುಕಷ್ಟದ ಹೊತ್ತಿನಲ್ಲಿ ಜಗತ್ತಿನ ವಸ್ತುಗಳು ಎಲ್ಲರಿಗೂ ಸೇರಿದವು ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದರು. ಹಾಗಿದ್ದರೆ ನಾವು ಅಜ್ಜಿಗೆ ಕೊಟ್ಟದ್ದು ನಮ್ಮದಲ್ಲ, ಅವಳದೇ. ತನ್ನದನ್ನು ಪಡೆಯಲು ಆಕೆ ಸಭೆಯ ಮುಂದೆ ತಲೆತಗ್ಗಿಸಿ ನಿಲ್ಲಬೇಕೇಕೆ?

ರಾಯಚೂರು, ಮಾನ್ವಿ, ದೇವದುರ್ಗಗಳ ಕುಟುಂಬಗಳು ಈ ಭಾನುವಾರವೇ ಅಡುಗೆಮನೆಯಲ್ಲಿ ಒಂದು ಡಬ್ಬಿ ಇಡಲಿ. ಹಿಡಿಕಾಳು ಹಾಕುವ ಕೆಲಸ ಮಕ್ಕಳದಾಗಲಿ. ಪ್ರವಾದಿ ಎಲೀಯನಿಗೆ ಕೊನೆಯ ಹಿಟ್ಟಿನಲ್ಲಿ ರೊಟ್ಟಿ ಸುಟ್ಟುಕೊಟ್ಟ ವಿಧವೆಯ ಮಡಕೆ ಬರಿದಾಗಲಿಲ್ಲ. ನಮ್ಮ ಮಡಕೆಯೂ ಬರಿದಾಗದು.