ವಿದ್ಯುತ್ ಕಾರೂ ವಿಮಾನ ನಿಲ್ದಾಣದ ದಾರಿಯೂ

ವಿದ್ಯುಚ್ಛಕ್ತಿಯಿಂದ ನಡೆಯುವ ಕಾರುಗಳು ನಮ್ಮ ನಾಡಿಗೆ ತೀರ ಹೊಸವಲ್ಲ. ರೇವಾ ಎಂಬ ಪುಟ್ಟ ಕಾರು 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದುದನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. 2017ರಲ್ಲಿ ಕರ್ನಾಟಕ ಸರ್ಕಾರದವರು ಈ ಬಗೆಯ ವಾಹನಗಳಿಗೆಂದೇ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿ, ದೇಶದಲ್ಲಿ ಹಾಗೆ ಮಾಡಿದ ಮೊದಲನೆಯ ರಾಜ್ಯವೆಂಬ ಕೀರ್ತಿಗೂ ಪಾತ್ರರಾದರು. ಈ ಕೀರ್ತಿಯು ಬೆಂಗಳೂರಿನ ಎಲ್ಲೆಯನ್ನು ದಾಟಿ ಹೆದ್ದಾರಿಯ ಮೇಲೆ ಎಷ್ಟು ದೂರ ಬಂದಿದೆ ಎಂಬುದನ್ನು ಇಂದು ಒಂದು ಪ್ರಯಾಣದ ಲೆಕ್ಕದಿಂದಲೇ ಪರೀಕ್ಷಿಸಿ ನೋಡಬೇಕೆಂದಿದ್ದೇವೆ.

ಪ್ರಯಾಣವು ದಾವಣಗೆರೆಯಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ. ಮತ್ತು ಅಲ್ಲಿಂದ ಹಿಂದಕ್ಕೆ ದಾವಣಗೆರೆಗೆ. ಈ ನಿಲ್ದಾಣವು 2008ರಲ್ಲಿ ತೆರೆದಂದಿನಿಂದ ಮಧ್ಯ ಕರ್ನಾಟಕದ ಜನರಿಗೆ ಪರದೇಶದ ಹೆಬ್ಬಾಗಿಲಾಗಿದೆ. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವುಂಟು. ಶಿವಮೊಗ್ಗದಲ್ಲಿ 2023ರಲ್ಲಿ ಒಂದು ಆಯಿತು. ಆದರೆ ಅಲ್ಲಿಂದ ಹೊರಡುವುವು ದೇಶದೊಳಗಿನ ವಿಮಾನಗಳು. ಮಗನನ್ನು ಜರ್ಮನಿಗೋ ಮಗಳನ್ನು ಅಮೆರಿಕಕ್ಕೋ ಕಳುಹಿಸಿಕೊಡುವ ತಂದೆತಾಯಿಗಳು ದೇವನಹಳ್ಳಿಗೇ ಬರಬೇಕು. ಬೀಳ್ಕೊಟ್ಟ ಬಳಿಕ ಅವರು ಮನೆಗೂ ಹಿಂದಿರುಗಬೇಕಷ್ಟೆ. ವಿದ್ಯುತ್ ಕಾರಿನ ವಿಷಯದಲ್ಲಿ ಈ ಎರಡನೆಯ ಮಾತನ್ನು ಮರೆತವರೇ ಹೆಚ್ಚಾಗಿ ಸಂಕಟಕ್ಕೆ ಸಿಕ್ಕುತ್ತಾರೆ.

ದಾವಣಗೆರೆಯಿಂದ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರುಗಳ ಮಾರ್ಗವಾಗಿ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ದಾಬಸ್‌ಪೇಟೆಯವರೆಗೆ ಬಂದು, ಅಲ್ಲಿಂದ ದೊಡ್ಡಬಳ್ಳಾಪುರದ ಕಡೆಗೆ ತಿರುಗಿ ದೇವನಹಳ್ಳಿಯನ್ನು ಸೇರಿದರೆ ಬೆಂಗಳೂರಿನ ಜನಜಂಗುಳಿಯು ತಪ್ಪುತ್ತದೆ. ಈ ದಾರಿಯು ಸುಮಾರು 270 ಕಿಲೋಮೀಟರು. ಹೋಗಿ ಬರಲು 540. ಟಾಟಾ ಕಂಪನಿಯವರು 2023ರಲ್ಲಿ ಹೊರತಂದ ನೆಕ್ಸಾನ್ ವಿದ್ಯುತ್ ಕಾರಿನ ದೊಡ್ಡ ಬ್ಯಾಟರಿಯು 40.5 ಯೂನಿಟ್ ಹಿಡಿಯುವಂಥದು. ಒಮ್ಮೆ ತುಂಬಿದರೆ 465 ಕಿಲೋಮೀಟರು ಓಡುವುದೆಂದು ಆಗ ಪ್ರಕಟವಾದ ಅಂಕಿ. ಈ ಅಂಕಿಯು ಸುಳ್ಳಲ್ಲ. ಆದರೆ ಅದು ಪರೀಕ್ಷಾಶಾಲೆಯ ಅಂಕಿ. ನಿಗದಿಯಾದ ಕ್ರಮದಲ್ಲಿ, ಮಂದವಾದ ವೇಗದಲ್ಲಿ ಅಳೆದುದು. ನಾಲ್ಕು ಜನರನ್ನೂ ಅವರ ಪೆಟ್ಟಿಗೆಗಳನ್ನೂ ಹೊತ್ತು, ತಂಪು ಗಾಳಿಯ ಯಂತ್ರವನ್ನು ನಡೆಸುತ್ತ, ಗಂಟೆಗೆ 90 ಕಿಲೋಮೀಟರಿನಂತೆ ಹೆದ್ದಾರಿಯಲ್ಲಿ ಓಡುವ ಕಾರು ಯೂನಿಟ್ಟಿಗೆ ಆರೂವರೆ ಕಿಲೋಮೀಟರು ಓಡಿದರೆ ಸಾಕೆಂದು ತಿಳಿಯತಕ್ಕದ್ದು. ಗಾಳಿಯ ಪ್ರತಿರೋಧವು ವೇಗದ ವರ್ಗವನ್ನನುಸರಿಸಿ ಏರುವುದರಿಂದ, 80ರಲ್ಲಿ ಹೋಗತಕ್ಕವನು 110ರಲ್ಲಿ ಹೋದರೆ ಆ ಪ್ರತಿರೋಧವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಇದಲ್ಲದೆ ದಾವಣಗೆರೆಯು ಸಮುದ್ರ ಮಟ್ಟದಿಂದ ಸುಮಾರು 600 ಮೀಟರು, ದೇವನಹಳ್ಳಿಯು ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ, ಹೋಗುವಾಗ ಆ 300 ಮೀಟರು ಹತ್ತುವುದಕ್ಕೇ ಒಂದೂವರೆ ಯೂನಿಟ್ ಬೇಕು. ಬರುವಾಗ ಅದರಲ್ಲಿ ಒಂದು ಪಾಲು ಉಳಿತಾಯವಾಗುತ್ತದೆ.

ಈಗ ಲೆಕ್ಕವನ್ನು ನೋಡೋಣ. ಬ್ಯಾಟರಿಯಲ್ಲಿ ಐದರಲ್ಲೊಂದು ಪಾಲು, ಅಂದರೆ 8 ಯೂನಿಟ್, ಆಪತ್ಕಾಲಕ್ಕೆಂದು ಮುಟ್ಟದೆ ಇಡಬೇಕೆಂಬುದು ನಮ್ಮ ಮೊದಲನೆಯ ನಿಯಮ. ಮನೆಯಲ್ಲಿ ರಾತ್ರಿಯೆಲ್ಲ ತುಂಬಿಸಿದ 40 ಯೂನಿಟ್ಟಿನೊಡನೆ ಹೊರಟ ಕಾರು 140 ಕಿಲೋಮೀಟರು ದೂರದ ಶಿರಾಕ್ಕೆ ಬರುವಾಗ 22 ಯೂನಿಟ್ ಖರ್ಚಾಗಿ 18 ಉಳಿದಿರುತ್ತದೆ. ಮುಂದಿನ 130 ಕಿಲೋಮೀಟರಿಗೆ ಏರನ್ನೂ ಸೇರಿಸಿ 21ಕ್ಕೆ ಮೇಲ್ಪಟ್ಟು ಬೇಕು. ಆದುದರಿಂದ ಶಿರಾದಲ್ಲಿ 16 ಯೂನಿಟ್ ತುಂಬಿಸಬೇಕು; 30 ಕಿಲೋವ್ಯಾಟಿನ ಯಂತ್ರದಲ್ಲಿ ಇದು 35ರಿಂದ 40 ನಿಮಿಷದ ಕೆಲಸ. ಕಾಫಿ ತಿಂಡಿ ಮುಗಿಯುವಷ್ಟರಲ್ಲಿ ಆಗಿಹೋಗುತ್ತದೆ. ಹೀಗೆ ದೇವನಹಳ್ಳಿಯನ್ನು ಸೇರಿದಾಗ ಬ್ಯಾಟರಿಯಲ್ಲಿ ಸುಮಾರು 12 ಯೂನಿಟ್, ಎಂದರೆ ನೂರಕ್ಕೆ 30ರಷ್ಟು, ಉಳಿದಿರುತ್ತದೆ. ಮುಳ್ಳು ಕೆಂಪಿಗಿಳಿದಿಲ್ಲವೆಂದು ಯಜಮಾನನು ನೆಮ್ಮದಿಯಿಂದ ಇಳಿದು ಹೋಗುತ್ತಾನೆ.

ಕಷ್ಟವು ಇಲ್ಲಿಂದ ಪ್ರಾರಂಭ. ಆಪತ್ಕಾಲದ 8 ಯೂನಿಟ್ಟನ್ನು ಕಳೆದರೆ ಅವನ ಕೈಯಲ್ಲಿರುವುದು 4 ಯೂನಿಟ್. ಅದರಿಂದ ಓಡುವ ದೂರ 26 ಕಿಲೋಮೀಟರು. ಮನೆಯಾದರೋ 270 ಕಿಲೋಮೀಟರು ಆಚೆಗಿದೆ. ಹೊತ್ತು ನಡುರಾತ್ರಿ, ಏಕೆಂದರೆ ಪರದೇಶಗಳಿಗೆ ಹೋಗುವ ವಿಮಾನಗಳಲ್ಲಿ ಅನೇಕವು ನಡುರಾತ್ರಿಯ ಹಿಂದುಮುಂದಾಗಿಯೇ ಹೊರಡುತ್ತವೆ. ನಿಲ್ದಾಣದಲ್ಲಿಯೋ ಅದರ ಸಮೀಪದಲ್ಲಿಯೋ ಒಂದು ಗಂಟೆಗೆ ಮಿಗಿಲಾಗಿ ನಿಂತು 25 ಯೂನಿಟ್ ತುಂಬಿಸಬೇಕು. ಪುನಃ ಶಿರಾದಲ್ಲಿ 11 ಯೂನಿಟ್ ಸೇರಿಸಬೇಕು. ಅಂದಮೇಲೆ ಹೋಗಿ ಬರುವ ಪ್ರಯಾಣಕ್ಕೆ ಹೊರಗಿನಿಂದ ಪಡೆಯಬೇಕಾದ 52 ಯೂನಿಟ್ಟಿನಲ್ಲಿ ಸುಮಾರು ಮೂರರಲ್ಲೆರಡು ಪಾಲು ಬೇಕಾಗುವುದು ವಿಮಾನ ನಿಲ್ದಾಣವನ್ನು ಮುಟ್ಟಿದ ಮೇಲೆಯೇ ಹೊರತು ಮುಟ್ಟುವುದಕ್ಕೆ ಮುಂಚೆಯಲ್ಲ. ಹೋಗುವ ದಾರಿಯ ಲೆಕ್ಕವನ್ನು ಮಾತ್ರ ಹಾಕಿದವನು ಅರ್ಧ ಲೆಕ್ಕವನ್ನೂ ಹಾಕಿದಂತಾಗಲಿಲ್ಲ.

ಇದರಿಂದ ಪ್ರಯಾಣಿಕರು ತಿಳಿದುಕೊಳ್ಳತಕ್ಕ ಅಂಶಗಳು ಕೆಲವುಂಟು. ವಿಮಾನವು ಯಾರಿಗಾಗಿಯೂ ಕಾಯುವುದಿಲ್ಲ, ಮನೆಯು ಕಾಯುತ್ತದೆ. ಆದುದರಿಂದ ಹೋಗುವಾಗ ತುಂಬಿಸುವುದು ಚಿಕ್ಕದಾಗಿರಲಿ, ಬರುವಾಗಿನದು ದೊಡ್ಡದಾಗಿರಲಿ. ಬ್ಯಾಟರಿಯು ನೂರಕ್ಕೆ 80ನ್ನು ದಾಟಿದ ಮೇಲೆ ಯಂತ್ರವು ಮಂದಗತಿಯಲ್ಲಿ ಶಕ್ತಿಯನ್ನೂಡುವುದರಿಂದ, ಒಂದೇ ಕಡೆ ತುಂಬ ತುಂಬಿಸುತ್ತ ಕೂರುವುದಕ್ಕಿಂತ ಎರಡು ಕಡೆ ಸ್ವಲ್ಪ ಸ್ವಲ್ಪವಾಗಿ ತುಂಬಿಸುವುದು ಲೇಸು. ಗೊತ್ತುಪಡಿಸಿಕೊಂಡ ಕೇಂದ್ರವು ಕೆಟ್ಟಿದ್ದರೆ ಮುಂದಿನ ಕೇಂದ್ರಕ್ಕೆ ಹೋಗುವಷ್ಟು ಶಕ್ತಿಯು ಉಳಿದಿರಬೇಕು. ಶಿರಾವನ್ನು ನಂಬಿದವನು ತುಮಕೂರನ್ನೂ ಮನಸ್ಸಿನಲ್ಲಿಟ್ಟಿರಬೇಕು. ಪರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕೆಂಬುದು ವಾಡಿಕೆ. ವಿದ್ಯುತ್ ಕಾರಿನವರು ಅದಕ್ಕೆ ಇನ್ನೊಂದು ಗಂಟೆಯನ್ನು ಸೇರಿಸಿಕೊಂಡರೆ ನಷ್ಟವೇನಿಲ್ಲ.

ಆದರೆ ಈ ಜಾಗರೂಕತೆಯ ಭಾರವನ್ನೆಲ್ಲ ಪ್ರಯಾಣಿಕನೊಬ್ಬನೇ ಹೊರತಕ್ಕದ್ದೆ ಎಂಬುದು ನಮ್ಮ ಪ್ರಶ್ನೆ. ಪೆಟ್ರೋಲಿನ ಕಾರಿನವನು ಮನೆಯಿಂದ ಹೊರಡುವಾಗ ಬಂಕುಗಳ ಪಟ್ಟಿಯನ್ನು ಬರೆದುಕೊಳ್ಳುವುದಿಲ್ಲ. ದಾರಿಯ ಬಂಕಿನಲ್ಲಿ ಎಣ್ಣೆ ಇದ್ದೇ ಇರುವುದೆಂಬ ಭರವಸೆಯು ಅವನಿಗುಂಟು. ಈ ಭರವಸೆಯನ್ನು ವಿದ್ಯುತ್ ಕಾರಿನವನಿಗೂ ಒದಗಿಸಬೇಕೆಂಬ ಉದ್ದೇಶವು ಕೇಂದ್ರ ಸರ್ಕಾರದವರಿಗೆ ಇಲ್ಲದಿಲ್ಲ. ಚಾರ್ಜಿಂಗ್ ಕೇಂದ್ರವನ್ನು ನಡೆಸಲು ವಿದ್ಯುಚ್ಛಕ್ತಿ ಕಾಯಿದೆಯ ಲೈಸೆನ್ಸು ಬೇಕಿಲ್ಲವೆಂದು 2018ರ ಏಪ್ರಿಲಿನಲ್ಲಿ ಅವರು ಸ್ಪಷ್ಟಪಡಿಸಿದರು. ಅದೇ ವರ್ಷದ ಡಿಸೆಂಬರಿನ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಎರಡು ಪಕ್ಕಗಳಲ್ಲಿಯೂ 25 ಕಿಲೋಮೀಟರಿಗೊಂದರಂತೆ ಕೇಂದ್ರಗಳಿರಬೇಕೆಂದು ಹೇಳಿದರು. 2023ರ ಮಾರ್ಚಿಯಲ್ಲಿ ಮೂರು ಸರ್ಕಾರಿ ಎಣ್ಣೆ ಕಂಪನಿಗಳಿಗೆ 7,432 ಶೀಘ್ರ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದರು. 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಇಂತಹ ಕೇಂದ್ರಗಳಿಗೆಂದೇ 2,000 ಕೋಟಿಗಳನ್ನು ಮೀಸಲಿಟ್ಟರು. ಹಣವಿಲ್ಲವೆಂದಾಗಲಿ ನಿಯಮವಿಲ್ಲವೆಂದಾಗಲಿ ಹೇಳುವ ಹಾಗಿಲ್ಲ.

ಕೊರತೆಯಿರುವುದು ಎಣಿಸುವ ಕ್ರಮದಲ್ಲಿ. ನೆಟ್ಟ ಯಂತ್ರಗಳನ್ನು ಸರ್ಕಾರದವರು ಎಣಿಸುತ್ತಾರೆ. ನಡೆಯುವ ಯಂತ್ರಗಳನ್ನು ಎಣಿಸುವವರು ಯಾರು? ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕವು ದೇಶಕ್ಕೇ ಮೊದಲನೆಯದೆಂದು 2024ರಲ್ಲಿ ಪ್ರಕಟವಾಯಿತು. ಸಂಖ್ಯೆಯು ಐದು ಸಾವಿರವನ್ನು ಮೀರಿತ್ತು. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಇದ್ದವು. ಇದಲ್ಲದೆ ಯಂತ್ರಗಳಲ್ಲಿಯೂ ಜಾತಿಭೇದವುಂಟು. ಮೊದಮೊದಲು ನೆಟ್ಟ ಭಾರತ್ ಡಿಸಿ-001 ಎಂಬ ಮಾದರಿಯ ಯಂತ್ರವು 15 ಕಿಲೋವ್ಯಾಟಿನದು, ಸಿ.ಸಿ.ಎಸ್.-2 ಎಂಬ ಜೋಡಣೆಯುಳ್ಳ ಈಗಿನ ಕಾರುಗಳಿಗೆ ಅದು ಹೊಂದುವುದೇ ಇಲ್ಲ. ಇಂಥವನ್ನೂ ಪಟ್ಟಿಯಲ್ಲಿ ಸೇರಿಸಿಕೊಂಡು ಸಂಖ್ಯೆಯನ್ನು ಬೆಳೆಯಿಸಿದರೆ ಪ್ರಯಾಣಿಕನಿಗೇನು ಫಲ? ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ಗಾದೆಯು ಇಂಥ ಕೇಂದ್ರಗಳಿಗೇ ಹುಟ್ಟಿದಂತಿದೆ. ಇಲ್ಲದ ಕೇಂದ್ರವನ್ನು ಯಾರೂ ನಂಬಿ ಹೊರಡುವುದಿಲ್ಲ; ಪಟ್ಟಿಯಲ್ಲಿದ್ದೂ ನಡೆಯದ ಕೇಂದ್ರವು ಮನುಷ್ಯನನ್ನು ನಡುದಾರಿಯಲ್ಲಿ ನಿಲ್ಲಿಸುತ್ತದೆ. ಆದುದರಿಂದ ಎರಡನೆಯದೇ ಹೆಚ್ಚಿನ ಅಪಾಯ.

ಈ ದಾರಿಯ ವಿಷಯದಲ್ಲಿ ವ್ಯಾಪ್ತಿಯ ನೆಪವನ್ನು ಹೇಳಿ ಜಾರಿಕೊಳ್ಳುವುದಕ್ಕೂ ಅವಕಾಶವಿಲ್ಲ. ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು ಗ್ರಾಮಾಂತರ ಈ ನಾಲ್ಕು ಜಿಲ್ಲೆಗಳಿಗೂ ವಿದ್ಯುತ್ತನ್ನು ಹಂಚುವುದು ಬೆಸ್ಕಾಂ ಒಂದೇ. ರಾಜ್ಯದ ಚಾರ್ಜಿಂಗ್ ವ್ಯವಸ್ಥೆಗೆ ಸರ್ಕಾರದವರು ನೇಮಿಸಿರುವ ಸಂಸ್ಥೆಯೂ ಅದೇ. ಶಿರಾ ಇರುವ ತುಮಕೂರು ಜಿಲ್ಲೆಯಲ್ಲಿಯೇ ಪಾವಗಡದ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಕ್ಷೇತ್ರವಿದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದು ಹೆದ್ದಾರಿಗೇ ಕಾಣುತ್ತದೆ. ಶಕ್ತಿಯು ಹುಟ್ಟುವ ಸೀಮೆಯ ನಡುವೆ ಹಾಯುವ ಪ್ರಯಾಣಿಕನು ಶಕ್ತಿಯಿಲ್ಲದೆ ನಿಲ್ಲುವನಾದರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಮಾತಿಗೆ ಬೇರೆ ಉದಾಹರಣೆಯು ಬೇಕಾಗಲಾರದು.

ವಿಮಾನ ನಿಲ್ದಾಣದವರಿಗೂ ಒಂದು ಮಾತು ಹೇಳಬೇಕಾಗಿದೆ. ಅಲ್ಲಿಗೆ ಬರುವ ಕಾರುಗಳಲ್ಲಿ ಎರಡು ಬಗೆ. ಬೀಳ್ಕೊಡುವುದಕ್ಕೋ ಎದುರುಗೊಳ್ಳುವುದಕ್ಕೋ ಬಂದು ಗಂಟೆಯೊಳಗೆ ಹಿಂದಿರುಗುವುವು ಒಂದು ಬಗೆ. ಬಾಡಿಗೆಯ ಟ್ಯಾಕ್ಸಿಗಳೂ ಇದರಲ್ಲಿ ಸೇರುತ್ತವೆ. ಇವಕ್ಕೆ ಶೀಘ್ರ ಯಂತ್ರಗಳು ಬೇಕು. ಯಜಮಾನನು ವಿಮಾನವನ್ನೇರಿ ಹೋಗಿ ನಾಲ್ಕೈದು ದಿವಸ ಅಲ್ಲಿಯೇ ನಿಲ್ಲುವ ಕಾರುಗಳು ಇನ್ನೊಂದು ಬಗೆ. ಇವಕ್ಕೆ ಶೀಘ್ರ ಯಂತ್ರವು ಬೇಡವೇ ಬೇಡ. ಮನೆಗಳಲ್ಲಿರುವಂತಹ 3 ಕಿಲೋವ್ಯಾಟಿನ ಸಾಮಾನ್ಯ ಸಾಕೆಟ್ಟೊಂದಿದ್ದರೆ 14 ಗಂಟೆಯೊಳಗೆ ಬರಿದಾದ ಬ್ಯಾಟರಿಯು ತುಂಬುತ್ತದೆ. ಬೆಲೆಬಾಳುವ ಶೀಘ್ರ ಯಂತ್ರಕ್ಕೆ ದಿನಗಟ್ಟಲೆ ಕಾರೊಂದನ್ನು ಕಟ್ಟಿಹಾಕಿದರೆ ಅವಸರದವನಿಗೆ ಅನ್ಯಾಯ. ಸಾಲುಸಾಲಾಗಿ ಸಾಮಾನ್ಯ ಸಾಕೆಟ್ಟುಗಳನ್ನಿಟ್ಟರೆ ಖರ್ಚೂ ಕಡಿಮೆ, ಉಪಕಾರವೂ ಅಧಿಕ.

ಇದು ಅನುಕೂಲಸ್ಥರ ಚಿಂತೆ, ಸಾರ್ವಜನಿಕರಿಗೇನು ಎಂದು ಕೇಳುವವರಿರಬಹುದು. ನಮ್ಮ ಅಭಿಪ್ರಾಯವು ಬೇರೆ. ಮನೆಯ ಮುಂದೆ ಸ್ವಂತ ಮೀಟರೂ ಸ್ವಂತ ಅಂಗಳವೂ ಇದ್ದವನಿಗೆ ಸಾರ್ವಜನಿಕ ಕೇಂದ್ರದ ಅಗತ್ಯವು ಅಪರೂಪವಾಗಿ ಬೀಳುತ್ತದೆ. ಸಾಲ ಮಾಡಿ ವಿದ್ಯುತ್ ಟ್ಯಾಕ್ಸಿಯನ್ನು ಕೊಂಡು ದೂರದ ಬಾಡಿಗೆಯಿಂದ ಹೊಟ್ಟೆ ಹೊರೆಯುವವನಿಗೆ ಅದು ದಿನನಿತ್ಯದ ಅಗತ್ಯ. ಕೆಟ್ಟ ಯಂತ್ರದ ಮುಂದೆ ಅವನು ಕಳೆದ ಒಂದು ಗಂಟೆಯು ಅವನ ಮನೆಯವರ ಅನ್ನದಿಂದ ಕಳೆದ ಗಂಟೆ. ಇದಲ್ಲದೆ ನಮ್ಮ ದೇಶವು ಬಳಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಮಿಗಿಲಾದುದು ಹೊರದೇಶಗಳಿಂದ ಬರತಕ್ಕದ್ದು. ಆ ಪರಾಧೀನತೆಯನ್ನು ತಗ್ಗಿಸಬೇಕೆಂದು ಜನರಿಗೆ ವಿದ್ಯುತ್ ಕಾರುಗಳನ್ನು ಕೊಳ್ಳಿರೆಂದು ಹೇಳಿದವರು ಸರ್ಕಾರದವರೇ. ಹೇಳಿದ ಮೇಲೆ ದಾರಿಯನ್ನು ಸಿದ್ಧಪಡಿಸುವ ಹೊಣೆಯೂ ಅವರದೇ.

ಮಾಡತಕ್ಕ ಕೆಲಸಗಳು ಅಸಾಧ್ಯವಾದವಲ್ಲ. ಮೊದಲನೆಯದಾಗಿ, ಹೆದ್ದಾರಿಯ ಯಾವ ಕೇಂದ್ರದಲ್ಲಿಯೂ ಒಂಟಿ ಯಂತ್ರವಿರಕೂಡದು. ಒಂದು ಕೆಟ್ಟರೆ ಇನ್ನೊಂದು ನಡೆಯುವಂತೆ ಕನಿಷ್ಠ ಪಕ್ಷ ಎರಡಿರಬೇಕು. ಎರಡನೆಯದಾಗಿ, ಪ್ರತಿಯೊಂದು ಯಂತ್ರವು ತಿಂಗಳಲ್ಲಿ ಎಷ್ಟು ಗಂಟೆ ನಡೆಯಿತು, ಎಷ್ಟು ಗಂಟೆ ಕೆಟ್ಟಿತ್ತು ಎಂಬುದನ್ನು ಬೆಸ್ಕಾಂನವರು ಜಿಲ್ಲಾವಾರು ಪ್ರಕಟಿಸಬೇಕು; ಸಹಾಯಧನವು ನೆಟ್ಟುದಕ್ಕಲ್ಲದೆ ನಡೆಸಿದುದಕ್ಕೂ ಸಂಬಂಧಿಸಿರಬೇಕು. ಮೂರನೆಯದಾಗಿ, ಕಂಪನಿಗೊಂದು ಆ್ಯಪ್, ಆ್ಯಪಿಗೊಂದು ಮುಂಗಡವೆಂಬ ಕಾಟವನ್ನು ತಪ್ಪಿಸಿ, ಯಾವ ಯಂತ್ರದಲ್ಲಿಯಾದರೂ ಯು.ಪಿ.ಐ. ಮೂಲಕ ನೇರವಾಗಿ ಹಣ ಕೊಡುವ ಏರ್ಪಾಡಿರಬೇಕು. ನಾಲ್ಕನೆಯದಾಗಿ, ದೀಪ, ಕುಡಿಯುವ ನೀರು, ಶೌಚಾಲಯಗಳಿಲ್ಲದ ಸ್ಥಳವನ್ನು ಕೇಂದ್ರವೆಂದು ಕರೆಯಲಾಗದು. ನಡುರಾತ್ರಿಯಲ್ಲಿ ಹೆಂಗಸರೂ ಮಕ್ಕಳೂ ಮುಕ್ಕಾಲು ಗಂಟೆ ಅಲ್ಲಿ ಕಾದಿರಬೇಕೆಂಬುದನ್ನು ಅಧಿಕಾರಿಗಳು ಮರೆಯಕೂಡದು.

ದಾವಣಗೆರೆಯಿಂದ ದೇವನಹಳ್ಳಿಗೆ ಹೊರಡುವವನು ಇಂದು ಎರಡು ಕೇಂದ್ರಗಳನ್ನು ನಂಬಿ, ನಾಲ್ಕನ್ನು ನೆನಪಿನಲ್ಲಿಟ್ಟುಕೊಂಡು ಹೊರಡಬೇಕಾಗಿದೆ. ಒಂದನ್ನೂ ನೆನೆಯದೆ ಹೊರಡುವ ಕಾಲವು ಬಂದಾಗ ಮಾತ್ರ 2017ರ ನೀತಿಯು ಫಲಿಸಿತೆಂದು ನಾವು ಒಪ್ಪುವೆವು. ಅಲ್ಲಿಯವರೆಗೆ ಪ್ರಯಾಣಿಕರು ಬರುವ ದಾರಿಯ ಲೆಕ್ಕವನ್ನು ಮೊದಲು ಹಾಕಲಿ. ಸರ್ಕಾರದವರು ನಡೆಯುವ ಯಂತ್ರಗಳ ಲೆಕ್ಕವನ್ನು ಜನರ ಮುಂದಿಡಲಿ.